ಪಾತಾಳಗರಡಿಯ ಊರಿಗೆ ಹಳೆಯ ಸ್ಕೂಬಾ ಬೇಕೆ?

ಕುರುಗೋಡಿನ ಬೆಟ್ಟವನ್ನೇರಿ ನಿಂತರೆ ಒಂದೆಡೆ ಬಿಸಿಲಿಗೆ ಬೆಂದ ಹೆಬ್ಬಂಡೆಗಳ ರಾಶಿ, ಮತ್ತೊಂದೆಡೆ ತುಂಗಭದ್ರೆಯ ಕಾಲುವೆ ನೀರುಂಡ ಹಸಿರು ಗದ್ದೆಗಳು ಕಾಣುತ್ತವೆ. ಕಡಲು ಇಲ್ಲಿಂದ ಬಹುದೂರ. ಮುರ್ಡೇಶ್ವರಕ್ಕೆ ಹೋಗಬೇಕೆಂದರೆ ಒಂದು ಇಡೀ ರಾತ್ರಿಯ ಪ್ರಯಾಣ. ಆದರೂ ಈ ಸೀಮೆಯ ಕಾಲೇಜು ವಿದ್ಯಾರ್ಥಿಗಳಿಗೆ ಸ್ಕೂಬಾ ಎಂಬ ಹೆಸರು ಇಂದು ಅಪರಿಚಿತವಲ್ಲ. 2022ರ ಅಕ್ಟೋಬರಿನಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ನೇತ್ರಾಣಿಯ ಕಡಲಾಳವನ್ನು ಬಯಲುಸೀಮೆಯ ಚಿತ್ರಮಂದಿರಗಳಿಗೆ ತಂದಿತು. ಅದನ್ನು ಕಂಡವರಲ್ಲಿ ಕೆಲವರಿಗಾದರೂ ನೀರಿನಡಿಯ ಲೋಕವನ್ನು ಕಣ್ಣಾರೆ ನೋಡುವ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಹೊಸ ಸಾಧನಗಳ ಬೆಲೆ ಕೇಳಿ ಬೆಚ್ಚುವ ಮನಸ್ಸು ಸಹಜವಾಗಿಯೇ ಹಳೆಯ ಸಾಧನಗಳತ್ತ ಹೊರಳುತ್ತದೆ.

ಈ ಆಸೆಯ ಪಕ್ಕದಲ್ಲೇ ಇನ್ನೊಂದು ಕಾರಣವೂ ನಿಂತಿದೆ. ಅದು ಆಸೆಯಲ್ಲ, ಸಂಕಟ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲ್ಲೂಕಿನ ಕೊಳಗಲ್ಲು ಬಳಿ ಹೊಲದ ಕೆಲಸಕ್ಕೆ ಹೊರಟಿದ್ದ ಕೂಲಿ ಹೆಣ್ಣುಮಕ್ಕಳ ಆಟೋ ತುಂಗಭದ್ರಾ ಕಾಲುವೆಗೆ ಉರುಳಿ ಸಾವುಗಳು ಸಂಭವಿಸಿದವು. ಕಾಲುವೆಯ ದಡದಲ್ಲಿ ನಿಂತು, ಹೋದವರ ಶವವಾದರೂ ಸಿಗಲೆಂದು ಕಾಯುವ ನೋವನ್ನು ಈ ಭಾಗದ ಹಳ್ಳಿಗಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಇಂಥ ಹೊತ್ತಿನಲ್ಲಿ ‘ನಮ್ಮೂರಿನಲ್ಲೇ ಒಂದು ಜೊತೆ ಮುಳುಗು ಸಾಧನ ಇದ್ದಿದ್ದರೆ’ ಎಂಬ ಮಾತು ಯುವಕರ ಬಾಯಿಂದ ಬರುವುದು ಸಹಜ. ಸಂಘದ ಹಣ ಕೂಡಿಸಿ ಯಾರೋ ಬಳಸಿಬಿಟ್ಟ ಸಾಧನಗಳನ್ನು ಅಗ್ಗಕ್ಕೆ ತರಬಹುದಲ್ಲವೇ ಎಂಬುದು ಅದರ ಮುಂದಿನ ಮಾತು. ಈ ಎರಡೂ ಕಾರಣಗಳು ಗೌರವಕ್ಕೆ ಅರ್ಹವಾದವು. ಆದರೆ ಎರಡಕ್ಕೂ ಒಂದೇ ಉತ್ತರವಿಲ್ಲ.

ಪರಿಸರದ ಕಳಕಳಿಯುಳ್ಳವರು ಹಳೆಯ ವಸ್ತುವನ್ನು ಕೊಳ್ಳುವುದನ್ನು ಮೆಚ್ಚುತ್ತಾರೆ, ಮೆಚ್ಚಬೇಕಾದದ್ದೇ. ಸ್ಕೂಬಾ ಧರಿಸುವವರ ಮೈಗಂಟುವ ಕಪ್ಪು ಉಡುಪನ್ನೇ ನೋಡಬಹುದು. ಅದು ನಿಯೋಪ್ರೀನ್ ಎಂಬ ಕೃತಕ ರಬ್ಬರು. ಅದನ್ನು ತಯಾರಿಸಲು ಬೇಕಾದ ಕ್ಲೋರೋಪ್ರೀನ್ ರಾಸಾಯನಿಕವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2010ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುವೆಂದು ಗುರುತಿಸಿತು. ಲೂಯಿಸಿಯಾನ ರಾಜ್ಯದ ಲಾಪ್ಲಾಸ್ ಎಂಬಲ್ಲಿ ಡುಪಾಂಟ್ ಕಂಪನಿ 1969ರಲ್ಲಿ ಆರಂಭಿಸಿ, 2015ರಲ್ಲಿ ಜಪಾನಿನ ಡೆಂಕಾ ಕಂಪನಿಯ ಕೈಗೆ ಹೋದ ಕಾರ್ಖಾನೆಯ ನೆರೆಯಲ್ಲಿ ವಾಸಿಸುವವರು, ಬಹುಪಾಲು ಕಪ್ಪು ಜನ, ತಮ್ಮ ಗಾಳಿಗಾಗಿ ವರ್ಷಗಟ್ಟಲೆ ಹೋರಾಡಿದರು. 2025ರಲ್ಲಿ ಅಲ್ಲಿನ ಉತ್ಪಾದನೆ ನಿಂತಿತು. ಸಂಡೂರಿನ ಅದಿರಿನ ದೂಳು ಕುಡಿದ ಸೀಮೆಗೆ ಆ ಜನರ ಕಷ್ಟ ಅರ್ಥವಾಗದಿರದು. ಹೀಗೆ ತಯಾರಾದ ಉಡುಪು ಹರಿದ ಮೇಲೆ ಸುಲಭವಾಗಿ ಕರಗಿಸಿ ಮರುಬಳಸುವಂಥದ್ದೂ ಅಲ್ಲ, ಮಣ್ಣಿನಲ್ಲಿ ಕೊಳೆಯುವಂಥದ್ದೂ ಅಲ್ಲ. ಆದ್ದರಿಂದ ಒಬ್ಬರು ಬಿಟ್ಟ ಉಡುಪನ್ನು ಇನ್ನೊಬ್ಬರು ತೊಡುವುದು ಒಳ್ಳೆಯ ಕೆಲಸ. ಹಳೆಯ ಉಡುಪು ನೀರಿನ ಒತ್ತಡಕ್ಕೆ ಸಿಕ್ಕಿ ತೆಳುವಾಗಿರುತ್ತದೆ, ಬೆಚ್ಚಗಿಡುವ ಗುಣ ಕಡಿಮೆಯಾಗಿರುತ್ತದೆ. ಅರಬ್ಬೀ ಸಮುದ್ರದ ಬೆಚ್ಚನೆಯ ನೀರಿನಲ್ಲಿ ಅದರಿಂದ ದೊಡ್ಡ ನಷ್ಟವಿಲ್ಲ.

ಕಣ್ಣುಗವಸು ಮತ್ತು ಕಾಲಿನ ಈಜುರೆಕ್ಕೆಗಳೂ ಇದೇ ಸಾಲಿಗೆ ಸೇರುತ್ತವೆ. ಕಣ್ಣುಗವಸನ್ನು ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಮೆಲ್ಲನೆ ಉಸಿರೆಳೆದಾಗ ಅದು ಕೈಬಿಟ್ಟರೂ ಬೀಳದೆ ಅಂಟಿಕೊಂಡರೆ ಅಷ್ಟು ಸಾಕು. ಅಂಚಿನ ಸಿಲಿಕೋನು ಬಿರುಸಾಗಿ ಬಿರುಕು ಬಿಟ್ಟಿದ್ದರೆ ಬೇಡ. ರೆಕ್ಕೆಯನ್ನು ಬಾಗಿಸಿ ನೋಡಿದಾಗ ಪಾದದ ಗೂಡಿನ ಬಳಿ ಸೀಳು ಕಾಣದಿದ್ದರೆ ಇನ್ನೂ ಹಲವು ವರ್ಷ ಬಾಳುತ್ತದೆ. ಇವು ಕೆಟ್ಟರೆ ಈಜುವವನಿಗೆ ತೊಂದರೆಯಾದೀತು, ಅದರಿಂದಲೇ ಉಸಿರು ನಿಲ್ಲುವ ಪ್ರಸಂಗ ವಿರಳ.

ಉಸಿರಿಗೆ ಸಂಬಂಧಿಸಿದ ಸಾಧನಗಳ ಲೆಕ್ಕ ಬೇರೆ. ಇಲ್ಲಿ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಪತ್ರಿಕೆಗಳು ಪದೇ ಪದೇ ‘ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ಮುಳುಗಿದರು’ ಎಂದು ಬರೆಯುತ್ತವೆ. ಸಾಮಾನ್ಯ ಸ್ಕೂಬಾ ಸಿಲಿಂಡರಿನಲ್ಲಿರುವುದು ಆಮ್ಲಜನಕವಲ್ಲ, ನಾವೆಲ್ಲ ಉಸಿರಾಡುವ ಗಾಳಿಯೇ. ಅದನ್ನು ಸೋಸಿ, ಒಣಗಿಸಿ, ಭಾರಿ ಒತ್ತಡದಲ್ಲಿ ತುಂಬಿರುತ್ತಾರೆ. ಶುದ್ಧ ಆಮ್ಲಜನಕವನ್ನು ಆರು ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಅದೇ ವಿಷವಾಗಿ ಸೆಳೆತ ತರಬಲ್ಲದು. ಆಸ್ಪತ್ರೆಯ ಇಲ್ಲವೇ ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ತಂದು ಕೆಲಸ ಸಾಗಿಸುವ ಜಾಣತನ ಜೀವಕ್ಕೇ ಎರವಾಗುತ್ತದೆ.

ಬಹಳ ಕಡೆ ಬಳಕೆಯಲ್ಲಿರುವ ಅಲ್ಯುಮಿನಿಯಂ ಸಿಲಿಂಡರ್ ಸುಮಾರು 11 ಲೀಟರ್ ನೀರು ಹಿಡಿಯುವ ಗಾತ್ರದ್ದು. ಅದರೊಳಗೆ 200 ಬಾರ್ ಆಸುಪಾಸಿನ ಒತ್ತಡದಲ್ಲಿ 2,200 ಲೀಟರಿನಷ್ಟು ಗಾಳಿ ತುರುಕಿರುತ್ತದೆ. ಲಾರಿಯ ಚಕ್ರದಲ್ಲಿರುವ ಒತ್ತಡಕ್ಕಿಂತ ಇದು ಇಪ್ಪತ್ತೈದು ಪಟ್ಟು ಹೆಚ್ಚು. ಒಳಗೆ ತುಕ್ಕೋ ಬಿರುಕೋ ಇದ್ದ ಸಿಲಿಂಡರ್ ಗಾಳಿ ತುಂಬುವಾಗಲೇ ಸಿಡಿದರೆ ಪಕ್ಕದಲ್ಲಿ ನಿಂತವರು ಉಳಿಯುವುದು ಕಷ್ಟ. 1990ಕ್ಕೂ ಮುನ್ನ 6351 ಎಂಬ ಮಿಶ್ರಲೋಹದಿಂದ ತಯಾರಾದ ಕೆಲವು ಸಿಲಿಂಡರುಗಳ ಕತ್ತಿನಲ್ಲಿ ಕಾಲಕ್ರಮೇಣ ಬಿರುಕು ಬೆಳೆದದ್ದು ದಾಖಲಾಗಿದೆ. ಹೊರನೋಟಕ್ಕೆ ಅವು ಹೊಸದರಂತೆಯೇ ಹೊಳೆಯುತ್ತಿದ್ದವು. ಆದ್ದರಿಂದಲೇ ಸಿಲಿಂಡರಿನ ಹೆಗಲ ಮೇಲೆ ಕೊರೆದ ತಯಾರಿಕೆಯ ಗುರುತು, ಪರೀಕ್ಷೆಯ ದಿನಾಂಕಗಳನ್ನು ಓದದೆ ಬೆಲೆಯ ಮಾತನ್ನೇ ಎತ್ತಬಾರದು. ವರ್ಷಕ್ಕೊಮ್ಮೆ ಒಳಭಾಗದ ತಪಾಸಣೆ, ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಎಂಬುದು ಹಲವು ದೇಶಗಳ ಮುಳುಗುಗಾರರು ಪಾಲಿಸುವ ಕ್ರಮ. ನಮ್ಮಲ್ಲಿ ಇಂಥ ಸಿಲಿಂಡರುಗಳು 2016ರ ಅನಿಲ ಸಿಲಿಂಡರ್ ನಿಯಮಗಳಿಗೆ ಒಳಪಡುತ್ತವೆ. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ಅದರ ಮೇಲ್ವಿಚಾರಕ. ಹೊರದೇಶದಿಂದ ಯಾರೋ ತಂದು ಬಿಟ್ಟುಹೋದ ಸಿಲಿಂಡರಿಗೆ ಈ ಕಾಗದಪತ್ರಗಳು ಇರದಿದ್ದರೆ ಅದನ್ನು ತುಂಬಿಕೊಡಲು ಪ್ರಾಮಾಣಿಕ ಕೇಂದ್ರವೊಂದು ನಿರಾಕರಿಸುತ್ತದೆ. ನಿರಾಕರಿಸದ ಕೇಂದ್ರಕ್ಕೆ ಹೋಗಲೇಬಾರದು.

ರೆಗ್ಯುಲೇಟರ್ ಇನ್ನೂ ಸೂಕ್ಷ್ಮ. ಸಿಲಿಂಡರಿನ 200 ಬಾರ್ ಒತ್ತಡವನ್ನು ಮೊದಲ ಹಂತದಲ್ಲಿ ಸುತ್ತಲಿನ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಹೆಚ್ಚಿಗೆ ಇಳಿಸಿ, ಬಾಯಿಯ ಬಳಿಯ ಎರಡನೆಯ ಹಂತದಲ್ಲಿ ಉಸಿರಿಗೆ ತಕ್ಕಷ್ಟೇ ಬಿಡುವ ಯಂತ್ರವಿದು. 1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನ್ ರೂಪಿಸಿದ ಉಪಕರಣದ ತತ್ತ್ವವೇ ಇಂದಿಗೂ ಇದರ ಬೆನ್ನೆಲುಬು. ಒಳಗಿನ ರಬ್ಬರು ಉಂಗುರಗಳು, ತೆಳುಪೊರೆ, ಕವಾಟದ ಕೂರುಮಣೆ ಇವೆಲ್ಲ ಬಳಸಿದರೂ ಸವೆಯುತ್ತವೆ, ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಒಣಗುತ್ತವೆ. ‘ಎರಡೇ ಸಲ ಬಳಸಿದ್ದು, ಎಂಟು ವರ್ಷದಿಂದ ಮನೆಯಲ್ಲೇ ಇದೆ’ ಎಂಬ ಮಾರಾಟಗಾರನ ಮಾತು ಮೆಚ್ಚುಗೆಯದೆಂದು ತೋರಿದರೂ ಎಚ್ಚರಿಕೆಯ ಗಂಟೆಯೇ ಸರಿ. ಮೊದಲ ಹಂತದ ಬಾಯಲ್ಲಿರುವ ಸಣ್ಣ ಲೋಹದ ಜರಡಿ ಹಸಿರುಗಟ್ಟಿದ್ದರೆ ಉಪ್ಪುನೀರು ಒಳಹೊಕ್ಕಿದೆ ಎಂದು ತಿಳಿಯಬೇಕು. ಕೊಳವೆಗಳ ತುದಿಯ ಮುಚ್ಚಿಗೆಯನ್ನು ಸರಿಸಿ ಬಾಗಿಸಿದರೆ ಅಡಗಿದ್ದ ಬಿರುಕು ಬಾಯಿಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಮಾದರಿಯ ಬಿಡಿಭಾಗಗಳನ್ನು ಕಂಪನಿ ಈಗಲೂ ಒದಗಿಸುತ್ತಿದೆಯೇ, ಅದನ್ನು ಬಿಚ್ಚಿ ಜೋಡಿಸಬಲ್ಲ ತರಬೇತಾದ ಕೈ ಯಾವ ಊರಿನಲ್ಲಿದೆ ಎಂಬುದನ್ನು ಕೇಳಬೇಕು.

ತೇಲುಜಾಕೀಟಿನ ಪರೀಕ್ಷೆ ಸುಲಭ. ಗಾಳಿ ತುಂಬಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದರೆ ಸೋರುವಿಕೆ ತಿಳಿಯುತ್ತದೆ; ಒಳಗೆ ನೀರು ಹಾಕಿ ಅಲುಗಿಸಿ ಸುರಿದಾಗ ಉಪ್ಪಿನ ಹರಳು ಬಂದರೆ ಮೊದಲ ಒಡೆಯ ಅದನ್ನು ತೊಳೆದಿಟ್ಟಿಲ್ಲ. ಗಾಳಿ ತುಂಬುವ ಗುಂಡಿ ಒಮ್ಮೆ ಸಿಕ್ಕಿಕೊಂಡರೂ ಸಾಕು, ತೊಟ್ಟವನು ತಡೆಯಲಾಗದ ವೇಗದಲ್ಲಿ ಮೇಲೆ ಚಿಮ್ಮುತ್ತಾನೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದರೆ, ಒಂದೆರಡು ಮೀಟರ್ ಆಳದಿಂದ ಬಂದರೂ, ಹಿಗ್ಗುವ ಗಾಳಿ ಶ್ವಾಸಕೋಶವನ್ನು ಹರಿಯಬಲ್ಲದು. ಬಾವಿಯಲ್ಲಿ ಈಜಿ ಬೆಳೆದ ಹುಡುಗನಿಗೆ ಉಸಿರು ಕಟ್ಟುವುದೇ ವಿದ್ಯೆ. ಸ್ಕೂಬಾದಲ್ಲಿ ಅದೇ ಅಭ್ಯಾಸ ಕೊಲ್ಲುತ್ತದೆ. ತರಬೇತಿಯಿಲ್ಲದವನ ಕೈಯಲ್ಲಿ ಹೊಚ್ಚಹೊಸ ಸಾಧನವೂ ಅಪಾಯವೇ ಎನ್ನಲು ಇಷ್ಟು ಸಾಕು.

ಈಗ ಕುರುಗೋಡಿಗೆ ಮರಳಬೇಕು. ಈ ಸೀಮೆಯ ರೈತ ಹಳೆಯ ವಸ್ತುವಿನ ಶತ್ರುವಲ್ಲ. ಹಳೆಯ ಟ್ರ್ಯಾಕ್ಟರ್, ಹಳೆಯ ಪಂಪ್‌ಸೆಟ್, ಹಳೆಯ ಮೋಟಾರ್ ಸೈಕಲ್ ಇಲ್ಲಿ ಎರಡು ಮೂರು ಕೈ ಬದಲಾಯಿಸಿ ದುಡಿಯುತ್ತವೆ. ಅದು ಸಾಧ್ಯವಾಗಿರುವುದು ಬಳ್ಳಾರಿಯಲ್ಲಿ, ಸಿರುಗುಪ್ಪದಲ್ಲಿ, ಕುರುಗೋಡಿನಲ್ಲೇ ಅದನ್ನು ಬಿಚ್ಚಿ ನೋಡುವ ಮೆಕ್ಯಾನಿಕ್ ಇರುವುದರಿಂದ. ದುರಸ್ತಿಯ ಕೈ ಹತ್ತಿರವಿದ್ದಾಗ ಹಳೆಯದು ಅಗ್ಗ. ಇಲ್ಲದಿದ್ದರೆ ಹೊಸದಕ್ಕಿಂತ ದುಬಾರಿ. ಸ್ಕೂಬಾದ ದುರಸ್ತಿ, ಪರೀಕ್ಷೆ, ಗಾಳಿ ತುಂಬುವ ಕಂಪ್ರೆಸರ್ ಇವೆಲ್ಲ ಕಡಲತೀರದಲ್ಲಿ ಇಲ್ಲವೇ ಮಹಾನಗರಗಳಲ್ಲಿವೆ. ಟೈರ್ ಅಂಗಡಿಯ ಕಂಪ್ರೆಸರಿಗೆ ಆ ಒತ್ತಡವೂ ದಕ್ಕದು; ಎಣ್ಣೆಯ ಆವಿ ಬೆರೆತ ಅದರ ಗಾಳಿ ಆಳದಲ್ಲಿ ಉಸಿರಾಡಲು ತಕ್ಕುದೂ ಅಲ್ಲ. ಒಮ್ಮೆ ತುಂಬಿದ ಸಿಲಿಂಡರ್ ಹತ್ತು ಮೀಟರ್ ಆಳದಲ್ಲಿ ಒಬ್ಬನಿಗೆ ಒಂದು ತಾಸೂ ಬರುವುದಿಲ್ಲ. ಬಳಿಕ ಅದನ್ನು ಹೊತ್ತು ಕರಾವಳಿಗೆ ಹೋಗುವವರಾರು?

ನೋಡಿಕೊಳ್ಳದ ಹಳೆಯ ಸಾಧನ ಏನು ಮಾಡುತ್ತದೆಂಬುದಕ್ಕೆ ಈ ಭಾಗದ ಜನ ದೂರದ ಉದಾಹರಣೆ ಹುಡುಕಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಅಷ್ಟೆಲ್ಲ ಗೋಡೆ, ಉಳಿದ 32 ಗೇಟುಗಳು ನಿಂತೇ ಇದ್ದವು; ಕೈಕೊಟ್ಟದ್ದು ಒಂದು ಸರಪಳಿ. ತಾತ್ಕಾಲಿಕ ತಡೆಗೇಟು ಕೂರಿಸಿ ಹರಿವು ನಿಲ್ಲಿಸುವಷ್ಟರಲ್ಲಿ ವಾರ ಕಳೆದಿತ್ತು, ರೈತರ ನೀರು ನದಿಯ ಪಾಲಾಗಿತ್ತು. ಅಲ್ಲಿ ಹೋದದ್ದು ನೀರು. ಮುಳುಗುವವನ ಬಾಯಲ್ಲಿರುವ ಒಂದು ಸವೆದ ಉಂಗುರ ಹಾಗೆ ಕೈಕೊಟ್ಟರೆ ವಾರದ ಮಾತಿಲ್ಲ, ಕೆಲವು ನಿಮಿಷಗಳ ಮಾತು.

ಹಾಗಾದರೆ ಕಾಲುವೆಯಲ್ಲಿ ಬಿದ್ದವರನ್ನು ಉಳಿಸುವ ಬಗೆ? ಮುಳುಗಿದವನ ಮಿದುಳು ಉಸಿರಿಲ್ಲದೆ ನಾಲ್ಕಾರು ನಿಮಿಷಗಳಲ್ಲಿ ಹಾನಿಗೊಳ್ಳತೊಡಗುತ್ತದೆ. ಸ್ಕೂಬಾ ತೊಟ್ಟು, ಪರೀಕ್ಷಿಸಿ, ನೀರಿಗಿಳಿಯುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಅದು ಹೆಚ್ಚಿನ ಸಂದರ್ಭಗಳಲ್ಲಿ ಶವ ಹುಡುಕುವ ಸಾಧನವಾಗಬಲ್ಲದೇ ಹೊರತು ಜೀವ ಉಳಿಸುವ ಸಾಧನವಾಗದು. ಹರಿಯುವ ಕೆಸರು ನೀರಿನಲ್ಲಿ ಹುಡುಕಾಟವೂ ಸುಲಭವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ಲಾರಿಯೊಂದರ ಶೋಧಕ್ಕೆ ನೌಕಾಪಡೆಯ ಮುಳುಗುಗಾರರೇ ಬಂದರು, ಮಲ್ಪೆಯ ಈಶ್ವರ ಮಲ್ಪೆಯಂಥ ಅನುಭವಿಗಳೂ ಇಳಿದರು. ಆದರೂ ಹೊಳೆಯ ಸೆಳೆತ ದಿನಗಟ್ಟಲೆ ಅವರನ್ನು ತಡೆಯಿತು. ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಹೂಳೆತ್ತುವ ಯಂತ್ರ ಬಂದ ಮೇಲೆ. ದೇಶದ ಅತ್ಯುತ್ತಮ ಸಾಧನ, ಅತ್ಯುತ್ತಮ ತರಬೇತಿ ಇದ್ದವರ ಪಾಡೇ ಹೀಗಾದಾಗ, ಯಾರೋ ಬಿಟ್ಟ ರೆಗ್ಯುಲೇಟರ್ ಕಚ್ಚಿಕೊಂಡು ತುಂಬು ಕಾಲುವೆಗೆ ಇಳಿಯುವ ಹಳ್ಳಿಯ ಹುಡುಗನ ಗತಿಯೇನು? ತೂಬು, ಸೇತುವೆಯ ಕಂಬ, ಸಿಕ್ಕಿಬಿದ್ದ ಮುಳ್ಳುಕಂಟಿ ಇವುಗಳಿಗೆ ನೀರು ಮನುಷ್ಯನನ್ನು ಒತ್ತಿ ಹಿಡಿದರೆ ಬೆನ್ನಿನ ಸಿಲಿಂಡರ್ ಬಿಡಿಸಿಕೊಳ್ಳಲಾಗದ ಹೊರೆಯಾಗುತ್ತದೆ. ಒಂದು ಶವಕ್ಕಾಗಿ ಇನ್ನೊಂದು ಶವವಾಗುವ ದಾರಿ ಇದು.

ನದಿಯತ್ತ ಹೋಗುವವರಿಗೆ ಮತ್ತೊಂದು ಮಾತಿದೆ. ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿಯ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಮೊಸಳೆಗಳೂ ಇರುವ ನೀರದು. ಅದು ಸ್ಕೂಬಾ ಕಲಿಯುವ ಕೊಳವಲ್ಲ. ಸಿಡಿಮದ್ದು ಹಾಕಿ ಮೀನು ಹಿಡಿಯುವವರ ಕಾಟದಿಂದಲೇ ನಲುಗಿರುವ ನೀರುನಾಯಿಗಳಿಗೆ ಹೊಸ ಉಪದ್ರವ ಬೇಕಾಗಿಲ್ಲ.

ಕಾಲುವೆಯ ಸಾವುಗಳನ್ನು ತಡೆಯುವ ಸಾಧನಗಳು ಇದಕ್ಕಿಂತ ಸರಳವಾದವು, ಆದ್ದರಿಂದಲೇ ಯಾರ ಗಮನವನ್ನೂ ಸೆಳೆಯದವು. ಇಳಿಜಾರಿನ ಸಿಮೆಂಟ್ ದಡದ ಮೇಲೆ ಪಾಚಿ ಕಟ್ಟಿ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಬಟ್ಟೆ ಒಗೆಯುವ, ದನ ಮೈತೊಳೆಯುವ ಜಾಗಗಳಲ್ಲಿ ಮೆಟ್ಟಿಲು, ಮೆಟ್ಟಿಲ ಕೆಳಗೆ ನೀರಿಗಡ್ಡವಾಗಿ ಒಂದು ಸರಪಳಿ, ರಸ್ತೆ ಕಾಲುವೆಯ ಪಕ್ಕವೇ ಸಾಗುವ ತಿರುವುಗಳಲ್ಲಿ ಗಟ್ಟಿ ತಡೆಗೋಡೆ: ಇವು ಕೊಳಗಲ್ಲಿನಂಥ ದುರಂತದ ಬಳಿಕವೂ ಎಲ್ಲೆಡೆ ಬಂದಿಲ್ಲ. ನೀರು ತುಂಬಿದ ಕಲ್ಲುಗಣಿಯ ಗುಂಡಿಗಳಿಗೆ ಬೇಲಿ ಹಾಕುವುದು ಗಣಿ ನಡೆಸುವವರ ಹೊಣೆ. ಊರವರು ಅದನ್ನು ಬರವಣಿಗೆಯಲ್ಲಿ ಕೇಳಬೇಕು. ಸಂಘದ ಹಣದಲ್ಲಿ ಆಗುವ ಕೆಲಸಗಳೂ ಇವೆ. ಉದ್ದನೆಯ ನೈಲಾನ್ ಹಗ್ಗಕ್ಕೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು ಕಟ್ಟಿ ದಡದ ಕಂಬಕ್ಕೆ ತೂಗುಹಾಕಬಹುದು. ಲಾರಿಯ ಟ್ಯೂಬು, ಉದ್ದನೆಯ ಬಿದಿರ ಗಳ ಇಡಬಹುದು. ಏನೂ ಇಲ್ಲದಾಗ ಸೀರೆ, ಪಂಚೆ, ರುಮಾಲು ಇವೆ. ದಡದಿಂದ ಚಾಚಬೇಕು, ಎಸೆಯಬೇಕು, ಕಲಿಯದವರು ಧುಮುಕಬಾರದು. ಮೇಲಕ್ಕೆತ್ತಿದವನ ಹೊಟ್ಟೆ ಒತ್ತಿ ನೀರು ಕಕ್ಕಿಸುವುದರಲ್ಲಿ, ತಲೆಕೆಳಗಾಗಿ ತೂಗುವುದರಲ್ಲಿ ಹೊತ್ತು ಕಳೆಯದೆ, ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರೂದಿ ಎದೆ ಒತ್ತಲು ಪ್ರತಿ ಊರಿನಲ್ಲಿ ಹತ್ತು ಜನ ಕಲಿತಿರಬೇಕು. ಅಷ್ಟರಲ್ಲಿ ಮತ್ತೊಬ್ಬರು 112ಕ್ಕೆ ಕರೆ ಮಾಡಬೇಕು. ಮುಳುಗುವ ಕೆಲಸ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯದು. ಅದರ ಸಿಬ್ಬಂದಿಗೆ ತಕ್ಕ ತರಬೇತಿ ಮತ್ತು ಹೊಸ ಸಾಧನ ಒದಗಿಸಬೇಕೆಂದು ಸರ್ಕಾರವನ್ನು ಕೇಳುವುದು ಜನರ ಹಕ್ಕು. ಹಳ್ಳಿಯ ಹುಡುಗರ ಚಂದಾ ಹಣ ಆ ಹೊಣೆಯನ್ನು ಹೊರಬೇಕಾಗಿಲ್ಲ.

ಇನ್ನು ಕಡಲು ನೋಡುವ ಆಸೆಯ ವಿದ್ಯಾರ್ಥಿ. ಅವನಿಗಾಗಲಿ ಅವಳಿಗಾಗಲಿ ಉತ್ತರ ಇಷ್ಟು ಕಠಿಣವಲ್ಲ. ಮಳೆಗಾಲ ಮುಗಿದ ಮೇಲೆ ನೇತ್ರಾಣಿಯ ಸುತ್ತ ಮುಳುಗಿಸುವ ತರಬೇತುದಾರರ ಬಳಿ ಸಿಲಿಂಡರ್, ರೆಗ್ಯುಲೇಟರ್, ಜಾಕೀಟುಗಳನ್ನು ಬಾಡಿಗೆಗೆ ಪಡೆಯಬಹುದು. ಕೊನೆಯ ಸಲ ಪರೀಕ್ಷೆ ಯಾವಾಗ ಆಯಿತೆಂದು ಅಲ್ಲಿಯೂ ನಾಚದೆ ಕೇಳಬೇಕು. ವರ್ಷಕ್ಕೊಂದು ಸಲ ಮುಳುಗುವವರು ಸ್ವಂತ ಸಾಧನ ಇಟ್ಟುಕೊಳ್ಳುವುದೇ ವ್ಯರ್ಥ. ತನ್ನ ಮುಖಕ್ಕೆ ಹೊಂದುವ ಹಳೆಯ ಕಣ್ಣುಗವಸು, ಒಂದು ಜೊತೆ ರೆಕ್ಕೆ, ಬೇಕಿದ್ದರೆ ಉಡುಪು ಕೊಂಡರೆ ಸಾಕು. ಮುಂದೆ ನಿಜವಾಗಿ ಕಲಿತು, ಕರಾವಳಿಯಲ್ಲೇ ನೆಲೆಸಿ, ಹವಳದ ಅಧ್ಯಯನಕ್ಕೋ ಸಿಕ್ಕುಬಿದ್ದ ಬಲೆಗಳನ್ನು ತೆಗೆಯುವುದಕ್ಕೋ ಇಳಿಯುವವರು ಹಳೆಯ ರೆಗ್ಯುಲೇಟರ್ ಕೊಳ್ಳುವುದಾದರೆ, ದುರಸ್ತಿಯ ಖರ್ಚನ್ನು ಬೆಲೆಗೆ ಸೇರಿಸಿ, ಮೊದಲು ಬಿಚ್ಚಿಸಿ ಪರೀಕ್ಷಿಸಿ, ಆಮೇಲೆ ಹಣ ಕೊಡಲಿ.

ಬಾವಿಗಳಿದ್ದ ಕಾಲದಲ್ಲಿ ಈ ಸೀಮೆಯ ಊರುಗಳಲ್ಲಿ ಪಾತಾಳಗರಡಿ ಎಂಬ ಸಾಧನವಿರುತ್ತಿತ್ತು. ಕೊಕ್ಕೆಗಳ ಗೊಂಚಲಿನಂಥ ಆ ಕಬ್ಬಿಣವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ ಬಾವಿಗೆ ಬಿದ್ದ ಕೊಡಪಾನ ಸಿಕ್ಕಿಕೊಂಡು ಮೇಲೆ ಬರುತ್ತಿತ್ತು. ಮನೆಮನೆಗೆ ಅದು ಇರುತ್ತಿರಲಿಲ್ಲ. ಇದ್ದ ಮನೆಯವರು ಒಂದು ಚೊಂಬನ್ನೋ ತಂಬಿಗೆಯನ್ನೋ ಒತ್ತೆಯಿಟ್ಟುಕೊಂಡು ಕೊಡುತ್ತಿದ್ದರು. ಕೆಲಸ ಮುಗಿದು ಗರಡಿ ಮರಳಿದಾಗ ಒತ್ತೆಯೂ ಮರಳುತ್ತಿತ್ತು. ಅದು ತುಕ್ಕು ಹಿಡಿದಿದೆಯೇ, ಕೊಕ್ಕೆ ಮುರಿದಿದೆಯೇ ಎಂದು ನೋಡಲು ಊರಿನ ಕಮ್ಮಾರನಿದ್ದ. ಸಂಘಗಳು ಹಗ್ಗ, ಟ್ಯೂಬು, ಗಳಗಳನ್ನು ಇದೇ ರೀತಿಯಲ್ಲಿ ಊರ ಸೊತ್ತಾಗಿ ಇರಿಸಿ, ತಿಂಗಳಿಗೊಮ್ಮೆ ಎಳೆದು ಪರೀಕ್ಷಿಸುವ ಹೊಣೆಯನ್ನು ಇಬ್ಬರಿಗೆ ಹೆಸರಿಸಿ ಒಪ್ಪಿಸಬಹುದು. ಬೇಸಿಗೆಯಲ್ಲಿ ಕಾಲುವೆ ಬಂದಾಗಿ ತಳ ಕಾಣುವ ದಿನಗಳಲ್ಲಿ ಮೆಟ್ಟಿಲು ಕಟ್ಟಿಸಲು, ಸರಪಳಿಯ ಗೂಟ ಹೂಡಿಸಲು ನೀರಾವರಿ ಕಚೇರಿಗೆ ಅರ್ಜಿ ಹೋಗಬೇಕು. ನೀರು ಬಿಟ್ಟ ಮೇಲೆ ಹೋದ ಅರ್ಜಿ ಮುಂದಿನ ಬೇಸಿಗೆಯವರೆಗೆ ಕಡತದಲ್ಲೇ ಉಳಿಯುತ್ತದೆ.